ದೆವ್ವ ಬಿಡಿಸುವವರು: ಕನ್ನಡ ಚಿತ್ರಗಳಲ್ಲಿ ಭಯ ಮತ್ತು ನಿಗೂಢದ ಚರಿತ್ರೆ

ಕನ್ನಡ ಚಲನಚಿತ್ರದ ಚರಿತ್ರೆಯನ್ನು ಬರೆದವರಲ್ಲಿ ಹೆಚ್ಚಿನವರು ಪೌರಾಣಿಕ, ಐತಿಹಾಸಿಕ, ಸಾಮಾಜಿಕ ಎಂಬ ಹಳೆಯ ವಿಂಗಡಣೆಯನ್ನೇ ಅನುಸರಿಸಿ, 1970ರ ನಂತರದ ಭಾಗಕ್ಕೆ ಬಂದಾಗ ಅದಕ್ಕೆ ಹೊಸ ಅಲೆಯ ಚಿತ್ರಗಳನ್ನು ಸೇರಿಸಿಕೊಂಡಿದ್ದಾರೆ. ಪತ್ತೇದಾರಿ ಚಿತ್ರ, ದೆವ್ವದ ಚಿತ್ರ, ಗೂಢಚಾರನ ಚಿತ್ರ, ಕೊಲೆಯ ರಹಸ್ಯವನ್ನು ಭೇದಿಸುವ ಚಿತ್ರ ಇವುಗಳಿಗೆ ಆ ಚರಿತ್ರೆಯಲ್ಲಿ ಸಿಕ್ಕಿರುವುದು ಅಡಿಟಿಪ್ಪಣಿಯ ಜಾಗ ಮಾತ್ರ. ಇಂಥವನ್ನು ಒಟ್ಟಾಗಿ ಪ್ರಕಾರ ಚಿತ್ರಗಳೆಂದು ಕರೆಯುವುದು ಈಗಿನ ವಿಮರ್ಶೆಯ ರೂಢಿ. ಕಥೆ ಯಾವ ಕಟ್ಟಳೆಗೆ ಒಳಪಟ್ಟು ನಡೆಯುತ್ತದೆ ಎಂಬುದು ಟಿಕೆಟ್ ಕೊಳ್ಳುವಾಗಲೇ ಪ್ರೇಕ್ಷಕನಿಗೆ ಗೊತ್ತಿದ್ದು, ಆ ಕಟ್ಟಳೆ ಎಲ್ಲಿ ಪಾಲನೆಯಾಗುತ್ತದೆ, ಎಲ್ಲಿ ಮುರಿಯುತ್ತದೆ ಎಂದು ಕಾದು ನೋಡುವುದರಲ್ಲೇ ಅವನಿಗೆ ಸುಖ ದೊರೆಯುವ ಚಿತ್ರಗಳು ಇವು. ಸಾಮಾನ್ಯ ಪ್ರೇಕ್ಷಕ ಇವುಗಳನ್ನು ಸಸ್ಪೆನ್ಸ್, ಥ್ರಿಲ್ಲರ್, ಹಾರರ್ ಎಂದು ಕರೆದು, ಪಂಡಿತರ ಅನುಮತಿಗೆ ಕಾಯದೆ ನೋಡುತ್ತ ಬಂದಿದ್ದಾನೆ.

ಈ ಚಿತ್ರಗಳನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡಿದರೆ ಒಂದು ಎಳೆ ಕಾಣುತ್ತದೆ. ಭಯದ ಕಥೆಯಾಗಲಿ ಕೊಲೆಯ ಕಥೆಯಾಗಲಿ ಮೊದಲು ಒಂದು ಗಂಟನ್ನು ಹಾಕುತ್ತದೆ, ಕೊನೆಗೆ ಅದನ್ನು ಬಿಡಿಸುವ ಹೊಣೆಯನ್ನು ಯಾರಿಗೋ ಒಪ್ಪಿಸುತ್ತದೆ. ಆ ಹೊಣೆ ಮಂತ್ರವಾದಿಗೆ ಹೋಯಿತೊ, ಗುರುವಿಗೊ, ಪೊಲೀಸನಿಗೊ, ವೈದ್ಯನಿಗೊ, ದೈವಕ್ಕೊ ಎಂಬುದು ಕಥೆಗಾರನ ಇಷ್ಟದಂತೆ ಕಂಡರೂ, ಆಯಾ ಕಾಲದ ಪ್ರೇಕ್ಷಕ ಯಾರ ಮಾತನ್ನು ನಂಬಲು ಸಿದ್ಧನಿದ್ದ ಎಂಬುದೇ ಬಹುಮಟ್ಟಿಗೆ ಅದನ್ನು ನಿರ್ಧರಿಸಿದೆ. ಈ ಪ್ರಕಾರದ ಒಳ್ಳೆಯ ಚಿತ್ರಕ್ಕೂ ಕೆಟ್ಟ ಚಿತ್ರಕ್ಕೂ ಇರುವ ಅಂತರವನ್ನು ಇಲ್ಲಿಯೇ ಹುಡುಕಬೇಕು: ತಾನು ಹಾಕಿದ ಗಂಟಿಗೆ ತಕ್ಕ ಬಿಡಿಸುವವನನ್ನು ತನ್ನ ಕಥೆಯ ಒಳಗಿನಿಂದಲೇ ಹುಟ್ಟಿಸಿಕೊಂಡ ಚಿತ್ರ ಉಳಿದುಕೊಂಡಿದೆ, ಅವನನ್ನು ಬೇರೆ ಚಿತ್ರದಿಂದ ಕಡ ತಂದ ಚಿತ್ರ ಮರೆತುಹೋಗಿದೆ.

ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಗೆ ಬಂದ ಮೇಲೆ ಒಂದೂವರೆ ದಶಕದವರೆಗೆ ಕನ್ನಡದಲ್ಲಿ ತಯಾರಾದ ಚಿತ್ರಗಳ ಸಂಖ್ಯೆಯೇ ತೀರ ಕಡಿಮೆಯಾಗಿದ್ದು, ಅವುಗಳಲ್ಲಿ ಬಹುತೇಕ ಎಲ್ಲವೂ ಪುರಾಣ ಮತ್ತು ಭಕ್ತರ ಕಥೆಗಳಾಗಿದ್ದವು. ಅಚ್ಚರಿ ಮತ್ತು ಭಯವನ್ನೇ ಬಂಡವಾಳ ಮಾಡಿಕೊಂಡ ಚಿತ್ರಗಳು ಮೈಸೂರಿನ ಮಹಾತ್ಮ ಪಿಕ್ಚರ್ಸ್ ಸಂಸ್ಥೆಯಿಂದ ಬಂದವು. ಡಿ. ಶಂಕರ್‌ಸಿಂಗ್ ಅವರು ಉಡುಪಿ ಕಡೆಯ ಬಿ. ವಿಠಲಾಚಾರ್ಯರ ಜೊತೆಗೂಡಿ ನಡೆಸಿದ ಈ ಸಂಸ್ಥೆ 1949ರಲ್ಲಿ ‘ನಾಗಕನ್ನಿಕಾ’, 1951ರಲ್ಲಿ ‘ಜಗನ್ಮೋಹಿನಿ’ ಎಂಬ ಜಾನಪದ ಚಿತ್ರಗಳನ್ನು ಕೊಟ್ಟಿತು. ಜಾನಪದ ಚಿತ್ರ ಎಂದರೆ ಜನಪದರು ಹೇಳಿದ ಕಥೆಯೇ ಆಗಿರಬೇಕೆಂದಿಲ್ಲ. ರಾಜಕುಮಾರ, ಮಾಂತ್ರಿಕ, ನಾಗಲೋಕ, ರೂಪ ಬದಲಿಸುವ ಹೆಣ್ಣು ಇಂಥ ಪಾತ್ರಗಳನ್ನಿಟ್ಟುಕೊಂಡು, ಯಾವ ಪುರಾಣಕ್ಕೂ ಉತ್ತರ ಹೇಳಬೇಕಾಗಿಲ್ಲದ ಸ್ವಾತಂತ್ರ್ಯದಲ್ಲಿ ಕಟ್ಟಿದ ಕಲ್ಪನೆಗೆ ಚಿತ್ರರಂಗ ಆ ಹೆಸರನ್ನು ಕೊಟ್ಟಿತ್ತು. ಟೆಂಟ್ ಚಿತ್ರಮಂದಿರಗಳ ಪ್ರೇಕ್ಷಕ ಇವುಗಳನ್ನು ಮುಗಿಬಿದ್ದು ನೋಡಿದ. ಇಲ್ಲಿ ಮಾಟಕ್ಕೆ ಪ್ರತಿಮಾಟವೇ ಉತ್ತರವಾದ್ದರಿಂದ ಭಯ ಆಳಕ್ಕೆ ಇಳಿಯುತ್ತಿರಲಿಲ್ಲ, ಇಳಿಯಬೇಕೆಂಬ ಉದ್ದೇಶವೂ ಆ ಚಿತ್ರಗಳಿಗೆ ಇರಲಿಲ್ಲ. ವಿಠಲಾಚಾರ್ಯರು ಮುಂದೆ ತೆಲುಗಿಗೆ ಹೋಗಿ, ಅಲ್ಲಿ ಜಾನಪದ ಬ್ರಹ್ಮ ಎನಿಸಿಕೊಂಡು, ‘ಜಗನ್ಮೋಹಿನಿ’ ಎಂಬ ಹೆಸರಿನಲ್ಲೇ 1978ರಲ್ಲಿ ಮತ್ತೊಂದು ಚಿತ್ರ ಮಾಡಿ ಗೆದ್ದರು; ಉರಿಯುವ ಒಲೆಗೆ ಸೌದೆಯ ಬದಲು ತನ್ನ ಕಾಲನ್ನೇ ಒಡ್ಡುವ ಅದರ ದೆವ್ವವನ್ನು ಕಂಡು ಹೆದರಿದವರಿಗಿಂತ ನಕ್ಕವರೇ ಹೆಚ್ಚಿರಬೇಕು. ಕನ್ನಡದ ಕರಾವಳಿಯಲ್ಲಿ ಹುಟ್ಟಿದ ಈ ಕಲ್ಪನೆಯ ಬಹುಪಾಲು ಫಸಲನ್ನು ಉಂಡವರು ತೆಲುಗರು ಎಂಬುದನ್ನು ಚರಿತ್ರೆಕಾರರು ಅಷ್ಟಾಗಿ ಗಮನಿಸಿಲ್ಲ.

ಪತ್ತೇದಾರಿಯ ಹಾದಿ ಬೇರೆಯದು, ಅದು ಬಂದದ್ದು ಅಚ್ಚಿನ ಮನೆಯಿಂದ. ಐವತ್ತು ಮತ್ತು ಅರವತ್ತರ ದಶಕಗಳಲ್ಲಿ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮ ಎಂಬ ಪಾತ್ರವನ್ನು ನಾಯಕನನ್ನಾಗಿಸಿಕೊಂಡು ಬರೆದ ಅಗ್ಗದ ಬೆಲೆಯ ಕಾದಂಬರಿಗಳು, ಕನ್ನಡ ಚಳವಳಿಯ ಮುಂದಾಳುವೂ ಆಗಿದ್ದ ಮ. ರಾಮಮೂರ್ತಿಯವರ ಪತ್ತೇದಾರಿ ಕಾದಂಬರಿಗಳು, ಓದು ಬರಹ ಅಷ್ಟಕ್ಕಷ್ಟೇ ಇದ್ದ ಸಾವಿರಾರು ಜನರನ್ನು ಓದುಗರನ್ನಾಗಿ ಮಾಡಿದವು. ವಿಚಿತ್ರವೆಂದರೆ ಈ ದೊಡ್ಡ ರಾಶಿಯಿಂದ ಚಿತ್ರರಂಗ ನೇರವಾಗಿ ಎತ್ತಿಕೊಂಡದ್ದು ಬಹಳ ಕಡಿಮೆ. ಕಾದಂಬರಿ ಆಧಾರಿತ ಚಿತ್ರವೆಂದರೆ ಅದು ಕುಟುಂಬದ ಕಥೆಯಾಗಿರಬೇಕು ಎಂಬ ಮರ್ಯಾದೆಯ ಭಾವನೆ ಚಿತ್ರೋದ್ಯಮದ ಕೇಂದ್ರವಾದ ಗಾಂಧಿನಗರದಲ್ಲಿ ಬೇರೂರಿತ್ತು. ಸಾಹಸದ ಕಥೆ ಬೇಕೆನಿಸಿದಾಗ ನಿರ್ಮಾಪಕರು ಹೊರದೇಶದ ಕಡೆಗೆ ನೋಡಿದರು. ಜೇಮ್ಸ್ ಬಾಂಡ್‌ನ ಮೊದಲ ಚಿತ್ರ ಬಂದದ್ದು 1962ರಲ್ಲಿ. ಆರು ವರ್ಷಗಳ ಬಳಿಕ ದೊರೈ–ಭಗವಾನ್ ಜೋಡಿ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಅವರಿಗೆ ಸಿ.ಐ.ಡಿ. 999 ಎಂಬ ಗೂಢಚಾರನ ಪಾತ್ರ ಕೊಟ್ಟಿತು. ಬೇಡರ ಕಣ್ಣಪ್ಪನಾಗಿ ತೆರೆಗೆ ಬಂದ ನಟ ಸೂಟು ತೊಟ್ಟು ಪಿಸ್ತೂಲು ಹಿಡಿದದ್ದನ್ನು ಜನ ಒಪ್ಪಿಕೊಂಡರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ದಶಕ ಕಳೆದ ಮೇಲೆ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದವು. ಕೊನೆಯದರಲ್ಲಿ ರಾಜ್‌ಕುಮಾರ್ ಇಂಗ್ಲಿಷ್ ಹಾಡೊಂದನ್ನು ಹಾಡಿದರು, ಚಿತ್ರದ ಕಥೆಯನ್ನು ಮರೆತವರಿಗೂ ಆ ಹಾಡು ನೆನಪಿದೆ. ಈ ಸರಣಿಯಲ್ಲಿ ಗಂಟು ಬಿಡಿಸುವವನು ಸರ್ಕಾರದ ನೌಕರ ಎಂಬುದನ್ನು ಗಮನಿಸಬೇಕು. ಗಣರಾಜ್ಯ ಇನ್ನೂ ಎರಡು ದಶಕ ದಾಟಿರದ ಆ ಕಾಲದಲ್ಲಿ ಸರ್ಕಾರಿ ಅಧಿಕಾರಿ ತಪ್ಪು ಮಾಡಲಾರ ಎಂಬ ಭರವಸೆ ಪ್ರೇಕ್ಷಕನಲ್ಲಿ ಉಳಿದಿತ್ತು, ಚಿತ್ರಗಳ ನಿರಾಳತೆಗೆ ಅದೇ ಕಾರಣ. ಎಂಬತ್ತರ ದಶಕದ ಆರಂಭಕ್ಕೆ ಆ ಭರವಸೆ ಹಳಸಿತು, ಎಚ್.ಕೆ. ಅನಂತರಾವ್ ಅವರು ‘ಸುಧಾ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ ಕಾದಂಬರಿಯನ್ನು ಆಧರಿಸಿ ಎಸ್.ವಿ. ರಾಜೇಂದ್ರಸಿಂಗ್ ಬಾಬು ನಿರ್ದೇಶಿಸಿದ ‘ಅಂತ’ (1981) ಚಿತ್ರದಲ್ಲಿ ಪೊಲೀಸ್ ಅಧಿಕಾರಿಯೇ ವ್ಯವಸ್ಥೆಯ ಕೈಯಲ್ಲಿ ಸಿಕ್ಕಿ ಚಿತ್ರಹಿಂಸೆ ಅನುಭವಿಸಿದ.

ಸರ್ಕಾರದ ಮೇಲಿನ ನಂಬಿಕೆ ಕುಸಿಯುತ್ತಿದ್ದ ಅದೇ ವರ್ಷಗಳಲ್ಲಿ ಗುರುವಿನ ಮೇಲಿನ ನಂಬಿಕೆ ಗಟ್ಟಿಯಾಗಿಯೇ ಇತ್ತು ಎಂಬುದಕ್ಕೆ ವಿಜಯ್ ನಿರ್ದೇಶನದ ‘ನಾ ನಿನ್ನ ಬಿಡಲಾರೆ’ (1979) ಸಾಕ್ಷಿ. ಅನಂತ್‌ನಾಗ್ ಮತ್ತು ಲಕ್ಷ್ಮಿ ನಟಿಸಿದ ಈ ಚಿತ್ರದಲ್ಲಿ ಗಂಡಸಿನ ಮೈಮೇಲೆ ಹೆಣ್ಣು ದೆವ್ವ ಬರುತ್ತದೆ. ಮೈಮೇಲೆ ಬರುವುದೆಂದರೆ ಹೆಣ್ಣಿಗೇ ಆಗುವಂಥದ್ದು ಎಂಬ ಸಾಮಾನ್ಯ ಕಲ್ಪನೆಯನ್ನು ತಿರುವಿಹಾಕಿದ್ದು ಚಿತ್ರದ ಅರ್ಧ ಬಲವಾದರೆ, ಉಳಿದರ್ಧ ಅನಂತ್‌ನಾಗ್ ಅವರ ಅಭಿನಯ. ಧ್ವನಿ, ನಡಿಗೆ, ಕಣ್ಣಿನ ಹೊರಳು ಇಷ್ಟರಲ್ಲೇ ಅವರು ಇನ್ನೊಂದು ಜೀವವನ್ನು ತಂದು ನಿಲ್ಲಿಸಿದರು. ಬಿಡುಗಡೆ ದೊರೆಯುವುದು ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳ ಕೃಪೆಯಿಂದ. ಗುರುವಾರದ ಪೂಜೆ ಕರ್ನಾಟಕದ ಮನೆ ಮನೆಯಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಈ ಪರಿಹಾರ ಹೊರಗಿನಿಂದ ತಂದು ಅಂಟಿಸಿದಂತೆ ಕಾಣಲಿಲ್ಲ, ದೆವ್ವದಷ್ಟೇ ಸಹಜವಾಗಿ ಗುರುವೂ ಆ ಲೋಕದವನಾಗಿದ್ದ. ಅದನ್ನೇ ಹಿಂದಿಯಲ್ಲಿ ‘ಮಂಗಳಸೂತ್ರ’ ಎಂದು 1981ರಲ್ಲಿ ಮತ್ತೆ ಮಾಡಿದಾಗ ಕನ್ನಡದಲ್ಲಿ ಆದ ಪರಿಣಾಮ ಅಲ್ಲಿ ಆಗಲಿಲ್ಲ. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಯನ್ನು ಆಧರಿಸಿದ ‘ತುಳಸಿದಳ’ (1985) ವಾಮಾಚಾರದ ಭಯವನ್ನು ಬಂಗಲೆಯ ಶ್ರೀಮಂತ ಕುಟುಂಬಕ್ಕೆ ತಂದು, ವಿಜ್ಞಾನ ಮತ್ತು ಮಾಟಗಳ ನಡುವೆ ತೀರ್ಪನ್ನು ತೂಗಾಡಿಸಿತು. ಅದರ ಚಿತ್ರರೂಪಕ್ಕಿಂತ ಕಾದಂಬರಿಯೇ ಹೆಚ್ಚು ಜನರ ನಿದ್ದೆ ಕೆಡಿಸಿತ್ತು ಎನ್ನುವುದು ನ್ಯಾಯ.

ಕಾಶೀನಾಥ್ 1978ರಲ್ಲಿ ಮಾಡಿದ ‘ಅಪರಿಚಿತ’ವನ್ನು ಇಲ್ಲಿ ಪ್ರತ್ಯೇಕವಾಗಿ ಹೆಸರಿಸಬೇಕು. ಮುಂದೆ ತುಂಟ ಹಾಸ್ಯದ ಚಿತ್ರಗಳಿಗೆ ಹೆಸರಾದ ಈ ನಿರ್ದೇಶಕ ಆರಂಭದಲ್ಲಿ ಕಡಿಮೆ ಖರ್ಚಿನಲ್ಲಿ, ದೊಡ್ಡ ತಾರೆಯರಿಲ್ಲದೆ, ಸಂದೇಹವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತ ಹೋಗುವ ಕೊಲೆಯ ಕಥೆಯನ್ನು ಹೇಳಿ, ತಾವೇ ಅದನ್ನು ‘ಬೇಷಕ್’ ಎಂದು ಹಿಂದಿಗೂ ಕೊಂಡೊಯ್ದರು. ಶಂಕರ್‌ನಾಗ್ ಅವರ ‘ಮಿಂಚಿನ ಓಟ’ (1980) ಮತ್ತು ‘ಆಕ್ಸಿಡೆಂಟ್’ (1985) ಇದೇ ಮಿತವ್ಯಯದ ಹಾದಿಯಲ್ಲಿ ನಡೆದವು. ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಉಳ್ಳವರ ಮಕ್ಕಳು ಕಾರು ಹರಿಸುವ ಘಟನೆಯಿಂದ ಹೊರಡುವ ‘ಆಕ್ಸಿಡೆಂಟ್’ ಚಿತ್ರದಲ್ಲಿ ಅಪರಾಧಿ ಯಾರೆಂಬುದು ಪ್ರೇಕ್ಷಕನಿಗೆ ಮೊದಲೇ ಗೊತ್ತಿದ್ದು, ಪತ್ರಕರ್ತನೊಬ್ಬ ಸತ್ಯವನ್ನು ಹೊರತೆಗೆಯುತ್ತ ಹೋದಂತೆ ಅಧಿಕಾರ ಅದನ್ನು ಮುಚ್ಚುತ್ತ ಬರುತ್ತದೆ. ಚಿತ್ರಕ್ಕೆ ಸಾಮಾಜಿಕ ಸಮಸ್ಯೆಯನ್ನು ಕುರಿತ ಚಿತ್ರಗಳ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿ ಬಂದದ್ದರಿಂದ ಅದನ್ನು ಸಂದೇಶದ ಚಿತ್ರವೆಂದೇ ಪರಿಗಣಿಸಲಾಗುತ್ತಿದೆ. ಬಿಗಿಯಾದ ಥ್ರಿಲ್ಲರ್ ಎಂಬ ಹೆಸರು ಅದಕ್ಕೆ ಮೊದಲು ಸಲ್ಲಬೇಕಾದದ್ದು.

ಕನ್ನಡದಲ್ಲಿ ನಿಗೂಢ ಚಿತ್ರಕ್ಕೆ ತನ್ನದೇ ಶಿಸ್ತನ್ನು ಕೊಟ್ಟವರು ಸುನಿಲ್ ಕುಮಾರ್ ದೇಸಾಯಿ. ಅವರ ಮೊದಲ ಚಿತ್ರ ‘ತರ್ಕ’ 1989ರಲ್ಲಿ ಬಿಡುಗಡೆಯಾದಾಗ ಹಾಡಿಲ್ಲದ, ಹೊಡೆದಾಟವಿಲ್ಲದ ಕನ್ನಡ ಚಿತ್ರವನ್ನು ಹಂಚಿಕೆದಾರರು ಕೊಳ್ಳುತ್ತಾರೆಂದು ಯಾರೂ ಎಣಿಸುವಂತಿರಲಿಲ್ಲ. ಕಥೆಯ ಮೂಲ ಅಗಾಥಾ ಕ್ರಿಸ್ಟಿ 1958ರಲ್ಲಿ ಬರೆದ ನಾಟಕ: ಒಂದು ಮನೆ, ಒಂದು ಹೆಣ, ಅದರ ಬಳಿ ಒಬ್ಬ ಹೆಂಗಸು, ಹೊರಗಿನಿಂದ ಆಕಸ್ಮಿಕವಾಗಿ ಒಳಬಂದ ಒಬ್ಬ ಗಂಡಸು. ಅದೇ ನಾಟಕವನ್ನು ಹಿಂದಿಯಲ್ಲಿ ಬಿ.ಆರ್. ಚೋಪ್ರಾ ‘ಧುಂದ್’ ಎಂದು 1973ರಲ್ಲೇ ಚಿತ್ರವಾಗಿಸಿದ್ದರು, ಅದರಲ್ಲಿ ಹಾಡುಗಳಿದ್ದವು. ದೇಸಾಯಿ ಹಾಡುಗಳನ್ನು ತೆಗೆದದ್ದು ಧೈರ್ಯದ ಪ್ರದರ್ಶನಕ್ಕಾಗಿ ಎಂದು ಭಾವಿಸುವುದು ತಪ್ಪಾಗುತ್ತದೆ. ನಿಗೂಢ ಚಿತ್ರದಲ್ಲಿ ಪ್ರೇಕ್ಷಕನ ಸಂದೇಹ ಒಂದು ದೃಶ್ಯದಿಂದ ಮುಂದಿನ ದೃಶ್ಯಕ್ಕೆ ಬಡ್ಡಿಯಂತೆ ಬೆಳೆಯಬೇಕು, ನಡುವೆ ಐದು ನಿಮಿಷದ ಹಾಡು ಬಂದರೆ ಸಾಲ ತೀರಿಹೋಗುತ್ತದೆ. ಶಂಕರ್‌ನಾಗ್, ವನಿತಾ ವಾಸು, ದೇವರಾಜ್ ಮೂವರೇ ಬಹುಪಾಲು ಹೊತ್ತುಕೊಂಡ ಈ ಚಿತ್ರ ಗೆದ್ದು, ‘ಪುರಿಯಾದ ಪುದಿರ್’ ಎಂದು ಮರುವರ್ಷವೇ ತಮಿಳಿಗೆ ಹೋಯಿತು; ಕೆ.ಎಸ್. ರವಿಕುಮಾರ್ ಅವರಿಗೆ ಅದು ನಿರ್ದೇಶಕರಾಗಿ ಮೊದಲ ಚಿತ್ರ. ಕನ್ನಡದಿಂದ ಬೇರೆ ಭಾಷೆಗಳು ರಿಮೇಕ್ ಹಕ್ಕು ಕೊಳ್ಳುವುದು ಅಪರೂಪವಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

‘ತರ್ಕ’ದ ಹೆಸರೇ ಹೇಳುವಂತೆ ಇಲ್ಲಿ ಗಂಟು ಬಿಡಿಸುವುದು ವಿವೇಚನೆ, ಅದನ್ನು ನಡೆಸುವವನು ತೆರೆಯ ಮೇಲಿನ ಪೊಲೀಸನಿಗಿಂತ ಹೆಚ್ಚಾಗಿ ಕುರ್ಚಿಯಲ್ಲಿ ಕುಳಿತ ಪ್ರೇಕ್ಷಕ. ದೇಸಾಯಿ ‘ನಿಷ್ಕರ್ಷ’ (1993) ಚಿತ್ರದಲ್ಲಿ ಇದೇ ಶಿಸ್ತನ್ನು ಸಾಹಸ ಚಿತ್ರಕ್ಕೆ ಒಯ್ದರು. ಮಣಿಪಾಲದ ಬಹುಮಹಡಿ ಕಟ್ಟಡವೊಂದರ ಬ್ಯಾಂಕಿನಲ್ಲಿ ದರೋಡೆಕೋರರು ಜನರನ್ನು ಒತ್ತೆಯಾಗಿ ಇರಿಸಿಕೊಳ್ಳುವ ಕಥೆಯ ಹಿಂದೆ ಹಾಲಿವುಡ್‌ನ ‘ಡೈ ಹಾರ್ಡ್’ ಇರುವುದು ಎದ್ದು ಕಾಣುತ್ತದೆಯಾದರೂ, ವಿಷ್ಣುವರ್ಧನ್ ಅವರಂಥ ತಾರೆಗೆ ಒಂದೂ ಹಾಡು ಕೊಡದೆ, ಮೆಟ್ಟಿಲು, ಲಿಫ್ಟು, ಮುಚ್ಚಿದ ಬಾಗಿಲುಗಳಿಂದಲೇ ಆತಂಕ ಕಟ್ಟಿದ ರೀತಿ ಕನ್ನಡಕ್ಕೆ ಹೊಸದಾಗಿತ್ತು. ಯಂಡಮೂರಿಯವರ ಇನ್ನೊಂದು ಕಾದಂಬರಿಯಿಂದ ಬಂದ ‘ಬೆಳದಿಂಗಳ ಬಾಲೆ’ (1995) ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತರ್ಕದ ಗೆಲುವನ್ನೇ ಸೋಲಾಗಿಸಿತು. ಚದುರಂಗದಾಟದ ನಿಪುಣನೊಬ್ಬನಿಗೆ ಅಪರಿಚಿತ ಹೆಣ್ಣೊಬ್ಬಳು ದೂರವಾಣಿಯಲ್ಲಿ ಮಾತನಾಡುತ್ತ, ತನ್ನನ್ನು ಹುಡುಕುವಂತೆ ಸುಳಿವುಗಳನ್ನು ಕೊಡುತ್ತಾಳೆ. ಅವನು ಲೆಕ್ಕ ಬಿಡಿಸಿಕೊಂಡು ಬಾಗಿಲಿಗೆ ಬರುವ ಹೊತ್ತಿಗೆ ಅವಳು ಬದುಕಿರುವುದಿಲ್ಲ. ಅವಳ ಮುಖವನ್ನು ಚಿತ್ರ ಒಮ್ಮೆಯೂ ತೋರಿಸುವುದಿಲ್ಲ. ಕೊಲೆಯಿಲ್ಲದ, ಖಳನಿಲ್ಲದ ಈ ಚಿತ್ರವನ್ನು ಪ್ರೇಮಕಥೆಗಳ ಸಾಲಿಗೆ ಸೇರಿಸುವವರಿದ್ದಾರೆ; ಅದರ ಕಟ್ಟಡ ಮಾತ್ರ ಶುದ್ಧ ಪತ್ತೇದಾರಿಯದು, ದೇಸಾಯಿಯವರ ಅತ್ಯುತ್ತಮ ಕೃತಿಯೂ ಅದೇ.

ತೊಂಬತ್ತರ ದಶಕದ ನಡುಭಾಗದಲ್ಲಿ ಈ ಹಾದಿ ಕಿರಿದಾಯಿತು. ಉಪೇಂದ್ರ 1993ರಲ್ಲಿ ಚಿತ್ರೀಕರಣದ ತಂಡವೊಂದರ ಸುತ್ತ ಭಯವನ್ನು ಹೆಣೆದು ‘ಶ್!’ ಎಂಬ ಚುರುಕಾದ ಚಿತ್ರ ಮಾಡಿದರೂ, ಎರಡು ವರ್ಷದ ನಂತರದ ಅವರದೇ ‘ಓಂ’ ಉದ್ಯಮದ ದಿಕ್ಕನ್ನು ಬದಲಿಸಿತು. ಬೆಂಗಳೂರಿನ ನಿಜವಾದ ರೌಡಿಗಳನ್ನೇ ತೆರೆಗೆ ತಂದ ಆ ಚಿತ್ರದ ಯಶಸ್ಸಿನ ನಂತರ ಮುಂದಿನ ಹದಿನೈದು ವರ್ಷ ಪ್ರಕಾರ ಚಿತ್ರವೆಂದರೆ ಮಚ್ಚು–ಲಾಂಗಿನ ಚಿತ್ರ ಎಂದೇ ಆಯಿತು. ಅವುಗಳ ವಿಚಾರ ಇಲ್ಲಿ ಬೇಕಿಲ್ಲ, ಅಲ್ಲಿ ಗಂಟು ಕಟ್ಟುವವನೂ ಕತ್ತರಿಸುವವನೂ ಒಬ್ಬನೇ.

ದೆವ್ವ ಮರಳಿ ಬಂದದ್ದು 2004ರ ಆಗಸ್ಟ್‌ನಲ್ಲಿ, ‘ಆಪ್ತಮಿತ್ರ’ದ ಮೂಲಕ. ದ್ವಾರಕೀಶ್ ನಿರ್ಮಿಸಿ ಪಿ. ವಾಸು ನಿರ್ದೇಶಿಸಿದ ಈ ಚಿತ್ರದ ಮೂಲ, ಫಾಜಿಲ್ ನಿರ್ದೇಶನದ ಮಲಯಾಳಂ ‘ಮಣಿಚಿತ್ರತ್ತಾಳ್’ (1993). ಹಳೆಯ ಅರಮನೆಯಂಥ ಮನೆಗೆ ಬಂದ ಗೃಹಿಣಿಯೊಬ್ಬಳು ತಾನೇ ಹಿಂದಿನ ಕಾಲದ ನರ್ತಕಿ ನಾಗವಲ್ಲಿ ಎಂದು ನಂಬಿಕೊಳ್ಳುವ ಸ್ಥಿತಿಯನ್ನು ಒಡೆದ ವ್ಯಕ್ತಿತ್ವ ಎಂಬ ಮನೋರೋಗವಾಗಿ ವಿವರಿಸುವ ಕಥೆ ಅದು. ಇದರ ಜಾಣತನವಿರುವುದು ರೋಗದ ಹೆಸರಿನಲ್ಲಿಲ್ಲ, ಪರಿಹಾರದ ವಿಧಾನದಲ್ಲಿದೆ: ಮನೋವೈದ್ಯ ಮಂತ್ರವಾದಿಯನ್ನು ಓಡಿಸುವುದಿಲ್ಲ, ಅವನ ಜೊತೆಗೆ ಕುಳಿತು, ಹೋಮ ಮಂಡಲಗಳನ್ನೆಲ್ಲ ಹಾಗೆಯೇ ಇರಿಸಿಕೊಂಡು, ರೋಗಿ ನಂಬುವ ಭಾಷೆಯಲ್ಲೇ ಅವಳಿಗೆ ಔಷಧ ಕೊಡುತ್ತಾನೆ. ನಂಬುವವನಿಗೂ ನಂಬದವನಿಗೂ ಏಕಕಾಲಕ್ಕೆ ಸಮಾಧಾನವಾಗುವ ಈ ಒಪ್ಪಂದವೇ ಕನ್ನಡದಲ್ಲಿ ಅದರ ಮಹಾ ಗೆಲುವಿಗೆ ಕಾರಣವಾಯಿತು. ಅದರ ಮೇಲೆ ದುಃಖದ ನೆರಳೂ ಇತ್ತು. ನಾಗವಲ್ಲಿಯಾಗಿ ನಟಿಸಿದ ಸೌಂದರ್ಯ ಚಿತ್ರ ಬಿಡುಗಡೆಗೆ ನಾಲ್ಕು ತಿಂಗಳ ಮೊದಲು, ಏಪ್ರಿಲ್‌ನಲ್ಲಿ, ವಿಮಾನ ದುರಂತದಲ್ಲಿ ತೀರಿಕೊಂಡಿದ್ದರು. ವಾಸು ಅದನ್ನೇ 2005ರಲ್ಲಿ ‘ಚಂದ್ರಮುಖಿ’ಯಾಗಿ ತಮಿಳಿಗೆ ಒಯ್ದರು. ಮನೋವೈದ್ಯನಾಗಿ ನಟಿಸಿದ್ದ ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ನಿಧನರಾದ ಬಳಿಕ ತೆರೆಕಂಡ ಮುಂದುವರಿದ ಭಾಗ ‘ಆಪ್ತರಕ್ಷಕ’ (2010) ಜನರ ಕಣ್ಣೀರಿನಲ್ಲಿ ಗೆದ್ದಿತಾದರೂ, ಕಥೆಯಾಗಿ ಅದು ಹಿಂದಿನ ಒಪ್ಪಂದವನ್ನು ಮುರಿದು ಅತಿಮಾನುಷದ ಕಡೆಗೆ ವಾಲಿತು. ಅದರಲ್ಲಿ ಬರುವ ಹಿಂದಿನ ಕಾಲದ ರಾಜನ ಅಬ್ಬರ ಹೆಚ್ಚಿದಷ್ಟು ಭಯ ಕಡಿಮೆಯಾಯಿತು.

‘ಆಪ್ತಮಿತ್ರ’ದ ಲಾಭ ಕಂಡ ಉದ್ಯಮ ಅದರಿಂದ ಕಲಿತ, ರಿಮೇಕೇ ಗೆಲುವಿನ ದಾರಿ ಎಂಬ ಪಾಠ ಮಾತ್ರ ತಪ್ಪಾಗಿತ್ತು. ಬೇರೆ ಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಬಾರದು ಎಂಬ, ಕಾನೂನಿನಲ್ಲಿ ಇಲ್ಲದಿದ್ದರೂ ಅರವತ್ತರ ದಶಕದಿಂದ ಜಾರಿಯಲ್ಲಿದ್ದ ಕಟ್ಟುಪಾಡು ಇಲ್ಲಿನ ಕಲಾವಿದರಿಗೂ ತಂತ್ರಜ್ಞರಿಗೂ ಕೆಲಸ ಉಳಿಸಿಕೊಟ್ಟಿತೆಂಬುದು ನಿಜ. ಜೊತೆಗೆ ಅದು ರಿಮೇಕನ್ನು ಅತ್ಯಂತ ಸುರಕ್ಷಿತ ವ್ಯಾಪಾರವಾಗಿಸಿತು ಎಂಬುದೂ ಅಷ್ಟೇ ನಿಜ. ತಮಿಳಿನ ‘ಕಾಂಚನಾ’ ಇಲ್ಲಿ ‘ಕಲ್ಪನಾ’ (2012) ಆಯಿತು, ‘ಯಾಮಿರುಕ್ಕ ಬಯಮೇ’ ‘ನಮೋ ಭೂತಾತ್ಮ’ (2014) ಆಯಿತು. ದೆವ್ವವನ್ನು ಹಾಸ್ಯಕ್ಕೆ ಬಳಸಿದ್ದು ಇವುಗಳ ದೋಷವಲ್ಲ. ಬೇರೆ ಊರಿನ ಭಯ, ಬೇರೆ ಊರಿನ ನಗು, ಬೇರೆ ಊರಿನ ಪರಿಹಾರ ಮೂರನ್ನೂ ಹಾಗೆಯೇ ಇಳಿಸಿಕೊಂಡದ್ದರಿಂದ ಅವುಗಳಲ್ಲಿ ಸ್ಥಳೀಯವಾಗಿ ಉಳಿದದ್ದು ಸಂಭಾಷಣೆ ಮಾತ್ರ. ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಈ ಕಟ್ಟುಪಾಡಿನ ವಿರುದ್ಧ ಆದೇಶ ನೀಡಿ, 2017ರಿಂದ ಡಬ್ ಆದ ಚಿತ್ರಗಳು ಚಿತ್ರಮಂದಿರಕ್ಕೆ ಬರತೊಡಗಿದ ಮೇಲೆ ಈ ಬಗೆಯ ರಿಮೇಕಿನ ಲೆಕ್ಕಾಚಾರ ಹಳೆಯದಾಯಿತು. ಕನ್ನಡದ ಪ್ರಕಾರ ಚಿತ್ರಕ್ಕೆ ಅದರಿಂದ ನಷ್ಟಕ್ಕಿಂತ ಲಾಭವೇ ಹೆಚ್ಚಾಗಿದೆ.

ಅಷ್ಟರೊಳಗೆ ಹೊಸಬರು ಬೇರೆ ಬಾಗಿಲು ತೆರೆದಿದ್ದರು. ಪವನ್ ಕುಮಾರ್ 2013ರಲ್ಲಿ ‘ಲೂಸಿಯಾ’ವನ್ನು ಕ್ರೌಡ್ ಫಂಡಿಂಗ್, ಅಂದರೆ ಮುಂದೆ ಪ್ರೇಕ್ಷಕರಾಗಲಿರುವವರಿಂದಲೇ ಮುಂಗಡವಾಗಿ ಹಣ ಸಂಗ್ರಹಿಸುವ ಪದ್ಧತಿಯಲ್ಲಿ, ಸುಮಾರು 50 ಲಕ್ಷ ರೂಪಾಯಿ ಕೂಡಿಸಿ ತಯಾರಿಸಿದರು. ಚಿತ್ರಮಂದಿರದ ಕತ್ತಲೆಯಲ್ಲಿ ಟಾರ್ಚ್ ಹಿಡಿದು ದಾರಿ ತೋರುವ ಹುಡುಗ ಮಾತ್ರೆ ನುಂಗಿ ಮಲಗಿದಾಗ ಚಿತ್ರತಾರೆಯಾಗುತ್ತಾನೆಯೊ, ತಾರೆಯೇ ಆ ಹುಡುಗನ ಕನಸು ಕಾಣುತ್ತಿದ್ದಾನೆಯೊ ಎಂಬುದು ಅದರ ಗಂಟು. ಅದೇ ವರ್ಷ ಬಂದ ಕೆ.ಎಸ್. ಅಶೋಕ ಅವರ ‘6-5=2’ ಕನ್ನಡಕ್ಕೆ ಫೌಂಡ್ ಫುಟೇಜ್ ಎಂಬ ತಂತ್ರವನ್ನು ಪರಿಚಯಿಸಿತು; ಕಾಡಿನಲ್ಲಿ ಕಾಣೆಯಾದವರ ಕ್ಯಾಮೆರಾದಲ್ಲಿ ಸಿಕ್ಕ ನಿಜವಾದ ದೃಶ್ಯಗಳಿವು ಎಂಬ ಸೋಗಿನಲ್ಲಿ ಕಥೆ ಹೇಳುವ ಕ್ರಮ ಅದು. ಚಾರಣಕ್ಕೆ ಹೋಗುವ ಬೆಂಗಳೂರಿನ ಹುಡುಗ ಹುಡುಗಿಯರ ಹರಟೆಯನ್ನು ಅದು ಚೆನ್ನಾಗಿ ಹಿಡಿದಿದೆ, ದೆವ್ವ ಕಾಣಿಸಿಕೊಂಡ ಮೇಲಿನ ಭಾಗ ಅಷ್ಟು ಬಿಗಿಯಾಗಿಲ್ಲ.

ಈ ತಲೆಮಾರಿನ ನಗರದ ಚಿತ್ರಗಳಲ್ಲಿ ಪವನ್ ಕುಮಾರ್ ಅವರದೇ ‘ಯೂ ಟರ್ನ್’ (2016) ಎಲ್ಲಕ್ಕಿಂತ ಮೇಲು. ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯಲ್ಲಿ ದ್ವಿಚಕ್ರ ವಾಹನದವರು ನಡುವಿನ ಕಲ್ಲುಗಳನ್ನು ಸರಿಸಿ ಅಡ್ಡ ತಿರುಗಿಕೊಂಡು, ಕಲ್ಲನ್ನು ರಸ್ತೆಯಲ್ಲೇ ಬಿಟ್ಟುಹೋಗುವ ದಿನನಿತ್ಯದ ಸಣ್ಣ ಅಪರಾಧವೇ ಅದರ ಬೀಜ. ಇಲ್ಲಿ ದೆವ್ವವನ್ನು ಯಾರೂ ಬಿಡಿಸುವುದಿಲ್ಲ. ಪೊಲೀಸನ ತನಿಖೆ ಅದನ್ನು ಗುರುತಿಸುವಲ್ಲಿಗೆ ನಿಲ್ಲುತ್ತದೆ, ಸಂಚಾರ ನಿಯಮವನ್ನು ಜಾರಿಗೊಳಿಸಲು ಯಾರೂ ಇಲ್ಲದ ಊರಿನಲ್ಲಿ ದೆವ್ವವೇ ಆ ಕೆಲಸವನ್ನು ವಹಿಸಿಕೊಂಡಿರುತ್ತದೆ. ನಿರ್ದೇಶಕರೇ 2018ರಲ್ಲಿ ಅದನ್ನು ತಮಿಳು ಮತ್ತು ತೆಲುಗಿನಲ್ಲಿ ಮತ್ತೆ ಮಾಡಿದರು. ಹೇಮಂತ್ ರಾವ್ ಅವರ ‘ಕವಲುದಾರಿ’ (2019) ಚಿತ್ರದಲ್ಲಿ ರಸ್ತೆ ಕಾಯುವ ಸಂಚಾರ ಪೊಲೀಸನೊಬ್ಬ, ಅಗೆದ ಮಣ್ಣಿನಲ್ಲಿ ಸಿಕ್ಕ ಮೂಳೆಗಳ ಜಾಡು ಹಿಡಿದು, ತನ್ನ ಅಧಿಕಾರದ ವ್ಯಾಪ್ತಿಗೆ ಬಾರದ ಹಳೆಯ ಪ್ರಕರಣವನ್ನು ಹಿಂಬಾಲಿಸುತ್ತಾನೆ. ಅವನಿಗೆ ಜೊತೆಯಾಗುವ ದಣಿದ ನಿವೃತ್ತ ಅಧಿಕಾರಿ ಅನಂತ್‌ನಾಗ್. 1979ರಲ್ಲಿ ದೆವ್ವ ಮೆಟ್ಟಿದವನಾಗಿ, 1995ರಲ್ಲಿ ದೂರವಾಣಿಯ ಧ್ವನಿಯನ್ನು ಹುಡುಕುವವನಾಗಿ ಕಂಡ ನಟನೇ ಈತ. ಕನ್ನಡದ ನಿಗೂಢ ಚಿತ್ರದ ಚರಿತ್ರೆಯನ್ನು ಒಬ್ಬ ನಟನ ಮುಖದಲ್ಲಿ ಓದಬೇಕೆಂದರೆ ಅದು ಅವರ ಮುಖವೇ.

ಇದೇ ಅವಧಿಯಲ್ಲಿ ಕಥೆಯ ಭೂಗೋಳ ಬೆಂಗಳೂರಿನಿಂದ ಕರಾವಳಿಗೆ ಸರಿಯಿತು. ಅನೂಪ್ ಭಂಡಾರಿ ನಿರ್ದೇಶನದ ‘ರಂಗಿತರಂಗ’ 2015ರ ಜುಲೈನಲ್ಲಿ ‘ಬಾಹುಬಲಿ’ಯ ಎದುರಿಗೇ ಬಂದು, ಬಾಯಿಂದ ಬಾಯಿಗೆ ಹರಡಿದ ಮೆಚ್ಚುಗೆಯ ಬಲದಿಂದ ನಿಂತು, ಅಮೆರಿಕದ ಕನ್ನಡಿಗರಲ್ಲೂ ದೊಡ್ಡ ಪ್ರೇಕ್ಷಕ ವರ್ಗವನ್ನು ಗಳಿಸಿತು. ಅದರ ಬೇರು ತೊಂಬತ್ತರ ದಶಕದ ಆರಂಭದಲ್ಲಿ ಸದಾನಂದ ಸುವರ್ಣರು ದೂರದರ್ಶನಕ್ಕೆ ಮಾಡಿದ ‘ಗುಡ್ಡದ ಭೂತ’ ಧಾರಾವಾಹಿಯಲ್ಲಿದೆ. ಕಮರೊಟ್ಟು ಎಂಬ ಕಾಲ್ಪನಿಕ ಹಳ್ಳಿಯ ಸಾವುಗಳಿಗೆ ಜನ ಅಮಾನುಷ ಕಾರಣವನ್ನು ಹೇಳುತ್ತಿದ್ದರೆ, ಕೊನೆಗೆ ಹೊರಬೀಳುವುದು ಮನುಷ್ಯನ ಕೈ. ಭಯಕ್ಕೆ ದೈವದ ಬಣ್ಣ, ಪರಿಹಾರಕ್ಕೆ ಪತ್ತೇದಾರಿಯ ಬುದ್ಧಿ ಎಂಬ ಈ ಹಂಚಿಕೆ ಅಲ್ಲಿ ಚೆನ್ನಾಗಿ ಫಲಿಸಿತು. ಅದೇ ನಿರ್ದೇಶಕರು ಅದೇ ಕಮರೊಟ್ಟನ್ನು ಸುದೀಪ್ ಅವರಿಗಾಗಿ 3ಡಿಯಲ್ಲಿ ಹಿಗ್ಗಿಸಿದ ‘ವಿಕ್ರಾಂತ್ ರೋಣ’ (2022) ಬಂದಾಗ ಮಂಜು, ಮಳೆ, ಪಂಜಿನ ಬೆಳಕು ಎಲ್ಲವೂ ಹತ್ತು ಪಟ್ಟಾಗಿದ್ದವು, ಆತಂಕ ಮಾತ್ರ ಹಾಗಾಗಲಿಲ್ಲ. ಹಳ್ಳಿ ಹಳ್ಳಿಯಂತೆ ಕಾಣದೆ ಸೆಟ್ಟಿನಂತೆ ಕಂಡಾಗ ಅಲ್ಲಿ ಯಾರು ಸತ್ತರೂ ಪ್ರೇಕ್ಷಕನಿಗೆ ಕಳವಳವಾಗುವುದಿಲ್ಲ.

ರಿಷಭ್ ಶೆಟ್ಟಿಯವರ ‘ಕಾಂತಾರ’ 2022ರ ಸೆಪ್ಟೆಂಬರ್ 30ರಂದು ಬಂದಾಗ ಈ ಚರಿತ್ರೆಯ ಮುಖ್ಯ ತಿರುವೊಂದು ಸಂಭವಿಸಿತು. ತುಳುನಾಡಿನ ಭೂತಾರಾಧನೆಯಲ್ಲಿ ಭೂತ ಅಥವಾ ದೈವ ಎಂದರೆ ಹೆದರಿಸುವ ಪ್ರೇತವಲ್ಲ, ಊರನ್ನೂ ನೆಲವನ್ನೂ ಕಾಯುವ ಶಕ್ತಿ. ವರ್ಷಕ್ಕೊಮ್ಮೆ ನಡೆಯುವ ಕೋಲದಲ್ಲಿ ದೈವ ಪಾತ್ರಿಯ ಮೈಮೇಲೆ ಬಂದು ನುಡಿ ಕೊಡುತ್ತದೆ, ಜಮೀನಿನ ತಕರಾರು, ಕುಟುಂಬದ ಜಗಳ ಇತ್ಯಾದಿಗಳನ್ನು ಜನ ಅದರ ಮುಂದಿಟ್ಟು ತೀರ್ಪು ಕೇಳುತ್ತಾರೆ. ಹೀಗಾಗಿ ಗಂಟು ಬಿಡಿಸುವ ಅಧಿಕಾರವನ್ನು ಚಿತ್ರ ದೈವಕ್ಕೆ ಕೊಟ್ಟಾಗ ಅದು ಕಥೆಗಾರನ ಅನುಕೂಲವಾಗಿ ಉಳಿಯದೆ, ಆ ನೆಲದಲ್ಲಿ ಶತಮಾನಗಳಿಂದ ನಡೆದುಬಂದ ನ್ಯಾಯ ಪದ್ಧತಿಯೇ ತೆರೆಗೆ ಬಂದಂತಾಯಿತು. ಪಂಜುರ್ಲಿ ಮತ್ತು ಗುಳಿಗ ದೈವಗಳ ಆವೇಶದ ಕೊನೆಯ ಇಪ್ಪತ್ತು ನಿಮಿಷಕ್ಕೆ ಸಮನಾದದ್ದು ಕನ್ನಡದಲ್ಲಿ ಹಿಂದೆ ಇರಲಿಲ್ಲ, ರಿಷಭ್ ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂದದ್ದು ಉಚಿತವೇ ಆಯಿತು. ನಡುವಿನ ಒಂದು ಗಂಟೆಯಲ್ಲಿ ನಾಯಕ ನಾಯಕಿಯೊಡನೆ ನಡೆದುಕೊಳ್ಳುವ ರೀತಿ ಹಳೆಯ ಮಸಾಲೆ ಚಿತ್ರಗಳ ಕೆಟ್ಟ ಉಳಿಕೆ. ಅರಣ್ಯ ಇಲಾಖೆ ಮತ್ತು ಕಾಡಿನ ಜನರ ನಡುವಿನ ಜಟಿಲವಾದ ಜಗಳವೂ ಒಬ್ಬ ಜಮೀನ್ದಾರ ಸತ್ತೊಡನೆ ಸುಲಭವಾಗಿ ಇತ್ಯರ್ಥವಾಗಿಬಿಡುತ್ತದೆ.

‘ಕಾಂತಾರ’ದ ಗೆಲುವಿನ ನಂತರ ಕರಾವಳಿಯ ದೈವ ಸುಲಭದ ಸರಕಾಗುವ ಅಪಾಯ ಎದುರಾಗಿ, ದೈವಾರಾಧಕರಿಂದ ಆಕ್ಷೇಪಗಳೂ ಕೇಳಿಬಂದವು. ಇದೇ ಹೊತ್ತಿನಲ್ಲಿ ಗದ್ದಲವಿಲ್ಲದೆ ಬಂದ ಕೆಲವು ಸಣ್ಣ ಚಿತ್ರಗಳು ಹೆಚ್ಚು ಮನ್ನಣೆಗೆ ಅರ್ಹವಾಗಿವೆ. ಮಲೆನಾಡಿನ ಸಸ್ಯಾಹಾರಿ ಹೋಟೆಲೊಂದರ ಒಡೆಯ ಅಪರಾಧದ ಸುಳಿಗೆ ಸಿಲುಕುವ ‘ಶಾಖಾಹಾರಿ’ (2024) ಚಿತ್ರದಲ್ಲಿ ರಂಗಾಯಣ ರಘು ಕೈಯಲ್ಲಿ ಹಿಡಿದ ತರಕಾರಿ ಕತ್ತಿಯೇ ಪಿಸ್ತೂಲಿಗಿಂತ ಹೆಚ್ಚು ಹೆದರಿಸುತ್ತದೆ. ಶ್ರೀನಿಧಿ ಬೆಂಗಳೂರು ಅವರ ‘ಬ್ಲಿಂಕ್’ (2024) ಕಾಲಯಾನಕ್ಕೆ ಯಂತ್ರ ಕಟ್ಟಲು ಹಣವಿಲ್ಲದ ಉದ್ಯಮಕ್ಕೆ ತಕ್ಕ ಉಪಾಯ ಹುಡುಕಿತು: ಕಣ್ಣಿಗೆ ಹನಿ ಔಷಧ ಹಾಕಿಕೊಂಡು, ರೆಪ್ಪೆ ಬಡಿಯದೆ ಇರುವಷ್ಟು ಹೊತ್ತು ಮಾತ್ರ ಬೇರೆ ಕಾಲದಲ್ಲಿ ಇರಬಹುದು. ದ್ವಿತೀಯಾರ್ಧದಲ್ಲಿ ಅದರ ಲೆಕ್ಕ ಗೋಜಲಾಗುತ್ತದೆಯಾದರೂ ಕೋಟಿ ಸುರಿದ ಎಷ್ಟೋ ಚಿತ್ರಗಳಲ್ಲಿ ಇಲ್ಲದ ಕಲ್ಪನೆ ಅಲ್ಲಿದೆ. ಜನಾರ್ದನ್ ಚಿಕ್ಕಣ್ಣ ಅವರ ‘ಅಜ್ಞಾತವಾಸಿ’ (2025), ವರ್ಷಗಳಿಂದ ಅಪರಾಧವೇ ನಡೆಯದ ಮಲೆನಾಡಿನ ಹಳ್ಳಿಯ ಪೊಲೀಸ್ ಠಾಣೆಯ ನಿಧಾನವನ್ನೇ ಆತಂಕವಾಗಿ ಮಾರ್ಪಡಿಸಿದೆ.

ಎರಡು ಚಿತ್ರಗಳು 2025ರಲ್ಲಿ ಈ ಪರಂಪರೆಯ ಎರಡು ತುದಿಗಳನ್ನು ತೋರಿಸಿದವು. ಅಕ್ಟೋಬರ್ 2ರಂದು ಬಿಡುಗಡೆಯಾದ ‘ಕಾಂತಾರ: ಚಾಪ್ಟರ್ 1’ ದಂತಕಥೆಯ ಕಾಲಕ್ಕೆ ಹಿಂದೆ ಸರಿದು, ಯುದ್ಧ, ಅರಮನೆ, ಕಂಪ್ಯೂಟರ್ ಚಿತ್ರಿಕೆಗಳ ವೈಭವವನ್ನು ಒದಗಿಸಿತು, ದೈವ ಆಗಾಗ ಬಂದು ಎಲ್ಲವನ್ನೂ ಪರಿಹರಿಸುತ್ತ ಹೋದದ್ದರಿಂದ, ಮೊದಲ ಚಿತ್ರದಲ್ಲಿ ಕೊನೆಯವರೆಗೆ ಕಾಯಿಸಿ ದೊರಕಿಸಿದ ರೋಮಾಂಚನ ಇಲ್ಲಿ ಅಭ್ಯಾಸವಾಗಿಬಿಟ್ಟಿತು. ಜುಲೈ 25ರಂದು ಬಂದ, ಜೆ.ಪಿ. ತುಮಿನಾಡು ನಿರ್ದೇಶಿಸಿ ರಾಜ್ ಬಿ. ಶೆಟ್ಟಿ ನಿರ್ಮಾಣದಲ್ಲಿ ಪಾಲ್ಗೊಂಡ ‘ಸು ಫ್ರಮ್ ಸೋ’ ಅದೇ ಕರಾವಳಿಯ ಬಡ ಹಳ್ಳಿಯೊಂದರಲ್ಲಿ ನಡೆಯುತ್ತದೆ. ತನ್ನ ತಪ್ಪನ್ನು ಮುಚ್ಚಿಕೊಳ್ಳಲು ಯುವಕನೊಬ್ಬ ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ, ಊರು ಅದನ್ನು ನಂಬುತ್ತದೆ, ದೆವ್ವ ಬಿಡಿಸಲು ಸ್ವಾಮೀಜಿ ಬರುತ್ತಾರೆ, ಸ್ವಾಮೀಜಿಯೂ ನಟನೆಯವರೇ. ಸುಳ್ಳು ದೆವ್ವಕ್ಕೆ ಊರಿನವರು ಕೊಟ್ಟ ಹೆಸರು ನಿಜವಾಗಿ ಬದುಕಿ ಸತ್ತ ಹೆಂಗಸೊಬ್ಬಳದು ಎಂದು ಗೊತ್ತಾದಾಗ, ಆ ಸುಳ್ಳೇ ಅವಳ ಅಸಹಾಯಕ ಮಗಳಿಗೆ ನೆರವಾಗುವ ಆಯುಧವಾಗುತ್ತದೆ. ಮಾಂತ್ರಿಕ, ಗುರು, ಪೊಲೀಸ್, ವೈದ್ಯ, ದೈವ ಯಾರನ್ನೂ ನೆಚ್ಚದೆ, ಗಂಟು ಹಾಕಿದ ಊರಿನವರಿಂದಲೇ ಅದನ್ನು ಬಿಡಿಸಿದ ಈ ಚಿತ್ರವನ್ನು ಹಾಸ್ಯ ಚಿತ್ರವೆಂದು ಕರೆದು ಪಕ್ಕಕ್ಕೆ ಇಡುವವರಿದ್ದಾರೆ. ‘ಯೂ ಟರ್ನ್’ ನಂತರ ಕನ್ನಡದಲ್ಲಿ ಬಂದ ಅತ್ಯುತ್ತಮ ದೆವ್ವದ ಚಿತ್ರ ಅದೇ.